ಜೀರಿಗೆಯ ಮುನಿಸು, ಜೀರಿಗೆಯ ಜ್ವರ

ಜೀರಿಗೆ ನನ್ನ ಹೆಣ್ಣುಕುದುರೆ. ಬಿಳಿ ಮೈಮೇಲೆ ಜೀರಿಗೆ ಚೆಲ್ಲಿದ ಹಾಗೆ ಕಂದು ಚುಕ್ಕೆಗಳಿವೆ, ಅದಕ್ಕೇ ಆ ಹೆಸರು. ಮೈಸೂರಿನ ಹೊರಗೆ, ವರುಣಾ ನಾಲೆ ಹತ್ತಿರ ನಮ್ಮ ಲಾಯ. ಇರುವುದು ಎರಡೇ ಕುದುರೆ, ಶನಿವಾರ ಭಾನುವಾರ ಮಕ್ಕಳಿಗೆ ಸವಾರಿ ಕಲಿಸುತ್ತೇನೆ. ಮಕ್ಕಳು ಬಾಲ ಎಳೆದರೂ ಸುಮ್ನೆ ನಿಲ್ಲುವ ಪ್ರಾಣಿ ಇದು. ಎರಡು ವರ್ಷದ ಹಿಂದೆ, ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ಜೀನಿನ ಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಡಚಿ ನನ್ನ ತೋಳಿಗೇ ಬಾಯಿ ಹಾಕಿತು.

ಮರುದಿನ ನಾಲ್ಕು ಸುತ್ತಿಗೇ ಬೆವತುಹೋಯಿತು. ಆಮೇಲೆ ಮೂಲೆ ಹಿಡಿದು ತಲೆ ಜೋತುಹಾಕಿ ನಿಂತುಬಿಟ್ಟಿತು. ಬೆದೆಗೆ ಬಂದಿರಬೇಕು ಅಂದುಕೊಂಡೆ. ಹೆಣ್ಣುಕುದುರೆಗೆ ಸುಮಾರು 21 ದಿನಕ್ಕೊಮ್ಮೆ ಬೆದೆ ಬರುತ್ತದೆ, ಐದಾರು ದಿನ ಇರುತ್ತದೆ, ಕೆಲವಕ್ಕೆ ಆಗ ಮೂಗಿನ ತುದಿಯಲ್ಲೇ ಸಿಟ್ಟು. ನಿಜ ಹೇಳಬೇಕೆಂದರೆ ದಸರಾ ರಜೆ ಹತ್ತಿರ ಬರುತ್ತಿತ್ತು. ನನಗೆ ನಾಲ್ಕು ಕಾಸು ಆಗುವುದೇ ಆ ಹದಿನೈದು ದಿನದಲ್ಲಿ. ಕುದುರೆಗೆ ಕಾಯಿಲೆ ಅಂತ ನಂಬಲು ಮನಸ್ಸೇ ಇರಲಿಲ್ಲ.

ಆದರೂ ಮಾಮೂಲಿನಂತೆ ಒಮ್ಮೆ ನೋಡಿದೆ. ಮೊದಲು ಹೊಟ್ಟೆ. ಕುದುರೆ ವಾಂತಿ ಮಾಡಲಾರದು, ಹೊಟ್ಟೆನೋವು ಬಂತೆಂದರೆ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೇ ಸಂಚಕಾರ. ಪಕ್ಕೆಗೆ ಕಿವಿಯಿಟ್ಟೆ, ಗುಡುಗುಡು ಕೇಳಿಸಿತು. ಲದ್ದಿ ಸರಿಯಾಗಿತ್ತು. ನೆಲ ಕೆರೆಯುವುದು, ಹೊರಳುವುದು, ಹೊಟ್ಟೆ ಕಡೆ ತಿರುಗಿ ತಿರುಗಿ ನೋಡುವುದು ಯಾವುದೂ ಇಲ್ಲ. ದವಡೆ ಕೆಳಗಿನ ನಾಡಿ ನಿಮಿಷಕ್ಕೆ 48. ಸುಮ್ಮನೆ ನಿಂತ ಕುದುರೆಗೆ 28ರಿಂದ 44 ಇದ್ದರೆ ಸರಿ, ಇದು ಸ್ವಲ್ಪ ಜಾಸ್ತಿ. ಜ್ವರ 100.4. 101ರ ತನಕ ಚಿಂತೆಯಿಲ್ಲ. ಥರ್ಮಾಮೀಟರ್ ತೊಳೆದು ಡಬ್ಬಿಗೆ ಹಾಕಿದೆ. ಎಡವಿದ್ದು ಅಲ್ಲೇ.

(ಥರ್ಮಾಮೀಟರಿಗೆ ದಾರ ಕಟ್ಟಿ, ದಾರದ ತುದಿಗೆ ಬಟ್ಟೆ ಕ್ಲಿಪ್ ಹಾಕಿ ಬಾಲದ ಕೂದಲಿಗೆ ಸಿಕ್ಕಿಸಿಕೊಳ್ಳಿ. ನಾನು ಎರಡು ಒಡೆದ ಮೇಲೆ ಕಲಿತದ್ದು.)

ನಾಲ್ಕು ದಿನ ಚೆನ್ನಾಗಿತ್ತು. ಮತ್ತೆ ಅದೇ ಮಂಕು, ಅದೇ ಸಿಟ್ಟು. ಮತ್ತೆ ಚೆನ್ನಾಗಾಯಿತು. ಬೇಯಿಸಿದ ಹುರುಳಿ, ಬೂಸಾ, ಹುಲ್ಲು ಎಲ್ಲ ಖಾಲಿ ಮಾಡುತ್ತಿತ್ತು, ಆದರೆ ಪಕ್ಕೆಲುಬು ಎಣಿಸುವ ಹಾಗಾಯಿತು. ತಿನ್ನುವ ಕುದುರೆಗೆ ಏನು ರೋಗ ಅಂತ ನನ್ನ ವಾದ. ಹಲ್ಲು ಚೂಪಾಗಿ ಕೆನ್ನೆಗೆ ಚುಚ್ಚುತ್ತಿದೆಯೇನೋ ಅಂತ ಬಾಯಿ ತೆಗೆಸಿ ನೋಡಿದೆವು. ಯಾರೋ ಹೇಳಿದ ಟಾನಿಕ್ಕೂ ಕುಡಿಸಿದೆ. ದುಡ್ಡು ದಂಡ.

ಹಳೇ ಜಟಕಾ ಸಾಬರೊಬ್ಬರು ಆಗಾಗ ಬಂದು ಕೂರುತ್ತಾರೆ. ನಾನು ಚಾಚಾ ಅನ್ನುತ್ತೇನೆ. ಅವತ್ತು ಬಂದವರೇ ಕುದುರೆಯ ಹೊಟ್ಟೆಯ ಕೆಳಗೆ ಹೆಬ್ಬೆರಳು ಒತ್ತಿ ತೆಗೆದರು. ಒತ್ತಿದ ಕಡೆ ಗುಳಿ ಹಾಗೇ ಉಳಿಯಿತು.

"ನೀರು ಇಳಿದಿದೆ ನೋಡಪ್ಪಾ. ಜ್ವರ ನೋಡಿದ್ಯಾ?"

"ನೋಡ್ದೆ ಚಾಚಾ, ಇರ್ಲಿಲ್ಲ."

"ಎಷ್ಟು ಸಲ?"

ಅವತ್ತಿಂದ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೋಡಿ ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದೆ. ಎರಡು ದಿನ 100ರ ಆಸುಪಾಸು. ಮೂರನೇ ಸಂಜೆ 104.2. ಮರುದಿನವೂ ಇಳಿಯಲಿಲ್ಲ. ಆಮೇಲೆ ತಾನಾಗಿಯೇ ಇಳಿಯಿತು, ಐದು ದಿನ ಬಿಟ್ಟು ಮತ್ತೆ ಏರಿತು. ಪಕ್ಕದ ಸಾಲಿನಲ್ಲಿ "ಕಚ್ಚಲು ಬಂತು", "ಎದ್ದು ಬರಲಿಲ್ಲ" ಅಂತಲೂ ಗೀಚಿದ್ದೆ. ಅವೆಲ್ಲ 103 ದಾಟಿದ ದಿನಗಳೇ.

ಪಶುವೈದ್ಯರಿಗೆ ಪುಸ್ತಕ ತೋರಿಸಿದೆ. "ಮುಂದಿನ ಸಲ ಏರಿದ ತಕ್ಷಣ ಫೋನ್ ಮಾಡಿ, ಎಷ್ಟೊತ್ತಾದರೂ ಸರಿ" ಅಂದರು. ರಕ್ತದಲ್ಲಿ ಸೂಕ್ಷ್ಮ ಹುಳ ಸೇರಿರಬೇಕು ಅಂತ ಅವರ ಅನುಮಾನ. ಜ್ವರ ಏರಿದಾಗಲೇ ರಕ್ತದಲ್ಲಿ ಹುಳ ಜಾಸ್ತಿ ಇರುವುದು, ಇಳಿದಾಗ ರಕ್ತ ತೆಗೆದರೆ ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳಬಹುದು. ಬಂದವರು ಕಣ್ಣಿನ ರೆಪ್ಪೆ ಮಗುಚಿದರು. ಒಳಗೆ ಬಿಳಿಚಿಕೊಂಡಿತ್ತು, ಅಲ್ಲಲ್ಲಿ ಸಾಸಿವೆಯಷ್ಟು ರಕ್ತದ ಚುಕ್ಕೆ. ಮೈಕ್ರೋಸ್ಕೋಪಿನಲ್ಲಿ ನನಗೂ ತೋರಿಸಿದರು. ಕೆಂಪು ಕಣಗಳನ್ನು ತಳ್ಳಾಡಿಕೊಂಡು ತೆಳ್ಳಗಿನದೊಂದು ನುಲಿಯುತ್ತಿತ್ತು. ಸರ್ರಾ ರೋಗ. 1880ರಲ್ಲಿ ಗ್ರಿಫಿತ್ ಇವಾನ್ಸ್ ಅನ್ನುವ ಪಶುವೈದ್ಯ ಆಗಿನ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಕುದುರೆ, ಒಂಟೆಗಳ ರಕ್ತದಲ್ಲಿ ಕಂಡ ಜೀವಿ ಇದೇ. ಅವನ ಹೆಸರೇ ಇದಕ್ಕಿದೆ: ಟ್ರಿಪನೊಸೋಮಾ ಇವಾನ್ಸಿ.

ಹರಡುವುದು ಕಚ್ಚುವ ದೊಡ್ಡ ನೊಣದಿಂದ. ಒಂದು ಪ್ರಾಣಿಯ ರಕ್ತ ಹೀರುವಾಗ ಬಾಲದ ಏಟು ಬಿದ್ದರೆ ಹಾರಿ ಇನ್ನೊಂದರ ಮೇಲೆ ಕೂರುತ್ತದೆ, ಅಷ್ಟು ಸಾಕು. ನಮ್ಮ ಬೇಲಿಯಾಚೆ ಪಕ್ಕದವರ ಎಮ್ಮೆಗಳಿವೆ. ಎಮ್ಮೆ, ಹಸುಗಳ ಮೈಯಲ್ಲಿ ಈ ಹುಳ ಎಷ್ಟೋ ಸಲ ಸದ್ದಿಲ್ಲದೆ ಇದ್ದುಬಿಡುತ್ತದೆ.

ಔಷಧ ಕ್ವಿನಾಪಿರಮಿನ್, ಚರ್ಮದ ಕೆಳಗೆ ಸೂಜಿ. ತೂಕ ನೋಡಿ ವೈದ್ಯರೇ ಕೊಡಬೇಕು. ದನಗಳಿಗೆ ಕೊಡುವ ಕೆಲವು ಮದ್ದು ಕುದುರೆಗೆ ತಡೆಯುವುದಿಲ್ಲ, ಹಟ್ಟಿಯಲ್ಲಿ ಉಳಿದದ್ದು ಅಂತ ಚುಚ್ಚಿಬಿಡಬೇಡಿ. ಸೂಜಿಯಾದ ಮೇಲೆ ಸ್ವಲ್ಪ ಹೊತ್ತು ಜೊಲ್ಲು ಸುರಿಸಿ ಚಡಪಡಿಸಿತು, ಕತ್ತಿನಲ್ಲಿ ನಿಂಬೆಗಾತ್ರದ ಗಂಟು ಎದ್ದಿತು. ಗಂಟು ಕರಗಲು ಎರಡು ವಾರ. ಆ ದಸರಾಗೆ ಸವಾರಿ ಇಲ್ಲ, ಸಂಪಾದನೆಯೂ ಇಲ್ಲ. ರಕ್ತ ಕಡಿಮೆಯಾದ ಕುದುರೆಯನ್ನು ದುಡಿಸಲು ಆಗುತ್ತಾ?

ಎಮ್ಮೆಗಳಿಗೂ ಒಮ್ಮೆ ರಕ್ತ ನೋಡಿಸಿ ಅಂತ ಪಕ್ಕದವರನ್ನು ಕೇಳಿದೆ. "ಹಾಲು ಚೆನ್ನಾಗಿ ಕೊಡ್ತಾವಲ್ಲ, ನೋಡ್ಸೋದೇನು?" ಅಂದರು. ನಾನು ಲಾಯದ ಆ ಕಡೆಗೆ ಸೊಳ್ಳೆಪರದೆ ಬಟ್ಟೆ ಕಟ್ಟಿಸಿದೆ, ಸಂಜೆ ಬೇವಿನ ಹೊಗೆ ಹಾಕುತ್ತೇನೆ. ಹಾಲಿನ ಪುಸ್ತಕ ಮೊಳೆಗೆ ನೇತುಹಾಕಿದ್ದು ಹಾಗೇ ಇದೆ. ನಿನ್ನೆ ಸಂಜೆ 100.2.