ಹೊಗೆ ಅಳಿಸಿಹೋಗದಂತೆ ಹಾಳೆ ತೊಳೆದದ್ದು

ಕಿರಿಯ ಡೇವಿಡ್ ಟೆನಿಯರ್ಸ್ (1610–1690) ಬರೆದ ಫ್ಲೆಮಿಶ್ (ಇಂದಿನ ಬೆಲ್ಜಿಯಂ ಕಡೆಯ) ಹೆಂಡದಂಗಡಿಯ ಚಿತ್ರಗಳನ್ನು 18ನೇ ಶತಮಾನದಲ್ಲಿ ಪ್ಯಾರಿಸ್ಸಿನ ಜಾಕ್ ಫಿಲಿಪ್ ಲೆ ಬಾ ತಾಮ್ರದ ತಗಡಿಗೆ ಇಳಿಸಿ ಅಚ್ಚು ಹಾಕಿಸಿದ. ಅಂಥದೊಂದು ಹಾಳೆಯನ್ನು ನಾನು ಶುಚಿ ಮಾಡಿದ ಕ್ರಮ ಇದು. ಪೀಪಾಯಿಯೇ ಮೇಜು, ಪಕ್ಕದಲ್ಲಿ ಕೆಂಡದ ಮಡಕೆ, ರೈತರ ಕೈಯಲ್ಲಿ ಮಣ್ಣಿನ ಚುಂಗಾಣಿ. ಚುಂಗಾಣಿಯ ಬಾಯಿಂದ ಏಳುವ ಹೊಗೆಗೆ ಇರುವುದು ಕೂದಲೆಳೆಯಂಥ ನಾಲ್ಕಾರು ಗೆರೆ, ಉಳಿದದ್ದೆಲ್ಲ ಬರೀ ಕಾಗದ. ಕಾಗದ ಕಂದಾದರೆ ಹೊಗೆಯೇ ಇಲ್ಲ. ಉಜ್ಜಿದರೆ ಗೆರೆಯೂ ಇಲ್ಲ.

ಮೊದಲು ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ ಹಿಡಿದು ನೋಡಿದೆ. ಉಳಿಯಿಂದ ಕೊರೆದ ಗೆರೆ ನಡುವೆ ದಪ್ಪವಾಗಿ ತುದಿಯಲ್ಲಿ ಚೂಪಾಗುತ್ತದೆ. ಆಮ್ಲದಿಂದ ಕೊರೆದದ್ದರ ತುದಿ ಮೊಂಡು. ಒಂದೇ ಹಾಳೆಯಲ್ಲಿ ಎರಡೂ ಇರುವುದು ಸಾಮಾನ್ಯ. ಸಾಲುಸಾಲಾಗಿ ಚುಕ್ಕೆಗಳು ಕಂಡರೆ ಅದು ಆಮೇಲಿನ ಫೋಟೋ ಮುದ್ರಣ. ಚಿತ್ರದ ಸುತ್ತ ತಗಡು ಒತ್ತಿದ ತಗ್ಗು ಇರಬೇಕು, ಆದರೆ ಅಂಚು ಕತ್ತರಿಸಿದ ಪ್ರತಿಗಳಲ್ಲಿ ಅದು ಹೋಗಿರುತ್ತದೆ. ಕೆಳಗೆ ಎಡಕ್ಕೆ ‘ಪಿಂಕ್ಸಿಟ್’ ಎಂದಿದ್ದರೆ ಬಣ್ಣದ ಚಿತ್ರ ಬರೆದವನ ಹೆಸರು, ಬಲಕ್ಕೆ ‘ಸ್ಕಲ್ಪ್‌ಸಿಟ್’ ಎಂದಿದ್ದರೆ ಕೊರೆದವನದು. ಚಿತ್ರದಲ್ಲಿರುವವರೆಲ್ಲ ಎಡಗೈಯವರಂತೆ ಕಂಡರೆ ಗಾಬರಿ ಬೇಡ. ತಗಡಿನಿಂದ ಅಚ್ಚು ತಿರುಗುಮುರುಗಾಗಿ ಬೀಳುತ್ತದೆ.

ಚೌಕಟ್ಟಿನಿಂದ ಬಿಡಿಸಿ, ಮೆತ್ತನೆಯ ಕುಂಚದಿಂದ ಧೂಳು ತೆಗೆದೆ. ಅಂಚಿಗೆ ಮತ್ತು ಹಿಂಬದಿಗೆ ಹೊಗೆಮಸಿ ಒರೆಸುವ ರಬ್ಬರ್ ಸ್ಪಂಜು ಬಳಸಿದೆ, ಚಿತ್ರದೊಳಗೆ ಕುಂಚ ಮಾತ್ರ. ಕೊರೆದ ಮುದ್ರಣದಲ್ಲಿ ಶಾಯಿ ಕಾಗದದ ಮೇಲೆ ತುಸು ಉಬ್ಬಿ ನಿಂತಿರುತ್ತದೆ, ಒರೆಸಿದರೆ ಸವೆಯುವುದು ಅದೇ.

ತೊಳೆಯುವ ಮುನ್ನ ಹಾಳೆಯ ಮೇಲಿನ ಒಂದೊಂದು ಶಾಯಿ, ಬಣ್ಣದ ಮೇಲೂ ಒಂದು ಹನಿ ಭಟ್ಟಿ ಇಳಿಸಿದ ನೀರಿಟ್ಟು, ಒಂದು ನಿಮಿಷದ ಮೇಲೆ ಒತ್ತುಕಾಗದದಿಂದ ಹೀರಿಸಿ ನೋಡಬೇಕು. ಅಗಸೆ ಎಣ್ಣೆಯಲ್ಲಿ ಅರೆದ ಮುದ್ರಣದ ಕಪ್ಪು ಶಾಯಿ ಕರಗದು. ಕೈಯಿಂದ ಹಚ್ಚಿದ ಬಣ್ಣ, ಹಳೆಯ ಒಡೆಯರ ಮೊಹರು, ಅಂಚಿನ ಬರವಣಿಗೆ ಕರಗಬಹುದು. ಒಂದು ಕರಗಿದರೂ ಹಾಳೆಯನ್ನು ನೀರಿಗಿಳಿಸಬಾರದು.

ನನ್ನ ಹಾಳೆಯಲ್ಲಿ ಯಾವುದೂ ಕರಗಲಿಲ್ಲ. ನೇಯದ ಪಾಲಿಯೆಸ್ಟರ್ ಬಟ್ಟೆಯ ಮೇಲಿಟ್ಟು, ಮಂಜಿನಂತೆ ನೀರು ಚಿಮುಕಿಸಿ ನೆನೆಸಿ, ಟ್ರೇಗೆ ಜಾರಿಸಿದೆ. ಬರೀ ಭಟ್ಟಿ ನೀರಲ್ಲ; ಸ್ವಲ್ಪ ತಿಳಿ ಸುಣ್ಣದ ನೀರು ಬೆರೆಸಿ ಪಿಎಚ್ (ಹುಳಿ-ಕ್ಷಾರದ ಅಳತೆ) 8ರ ಹತ್ತಿರಕ್ಕೆ ತಂದದ್ದು, ಕಾಗದದ ಹುಳಿ ಕಳೆಯಲೆಂದು. 20 ನಿಮಿಷಕ್ಕೊಮ್ಮೆ ಮೂರು ಸಲ ಬದಲಿಸಿದೆ. ಮೊದಲ ನೀರು ಚಹಾ ಬಣ್ಣಕ್ಕೆ ತಿರುಗಿತು, ಮೂರನೆಯದು ಹೆಚ್ಚುಕಡಿಮೆ ತಿಳಿಯಾಗಿತ್ತು. ಎತ್ತುವಾಗ ಬಟ್ಟೆಯನ್ನೇ ಹಿಡಿಯಬೇಕು, ಒದ್ದೆ ಕಾಗದ ತನ್ನ ಭಾರಕ್ಕೇ ಹರಿಯುತ್ತದೆ. ಕೆಲವು ಕಂದು ಚುಕ್ಕೆ ಉಳಿದವು. ಬ್ಲೀಚಿಂಗ್ ಹಾಕಲಿಲ್ಲ, ಅದು ನಾರನ್ನೇ ತಿನ್ನುತ್ತದೆ.

ಹರಿದ ಅಂಚಿಗೆ ಜಪಾನಿ ತೆಳುಕಾಗದವನ್ನು ಕತ್ತರಿಸದೆ ಕೈಯಿಂದ ಹರಿದು, ಗೋಧಿ ಪಿಷ್ಟದ ಅಂಟಿನಿಂದ ಅಂಟಿಸಿದೆ. ಒಂದು ಪಾಲು ಪಿಷ್ಟಕ್ಕೆ ಐದು ಪಾಲು ನೀರು, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕೈಯಾಡಿಸಿ, ಆರಿಸಿ, ಜರಡಿ ಹಿಡಿದದ್ದು. ಮೈದಾ ಅಂಟು ಬೇಡ: ಅದರ ಜಿಗುಟು ಗಟ್ಟಿಯಾಗಿ ಹಳದಿಗಟ್ಟುತ್ತದೆ, ಹುಳುವನ್ನೂ ಕರೆಯುತ್ತದೆ.

ಒಣಗಿಸುವಾಗಲೇ ಹೆಚ್ಚಿನವರು ಕೆಡಿಸುವುದು. ಭಾರದ ಗಾಜು ಹೇರಿದರೆ ತಗಡಿನ ತಗ್ಗು ಚಪ್ಪಟೆಯಾಗಿ, ಉಬ್ಬಿದ ಶಾಯಿಯೂ ಕೂರುತ್ತದೆ, ಮತ್ತೆ ಏಳದು. ಎರಡೂ ಬದಿಗೆ ಒತ್ತುಕಾಗದ, ಅದರಾಚೆ ಉಣ್ಣೆಯ ಫೆಲ್ಟ್, ಮೇಲೆ ಹಗುರ ಹಲಗೆ ಇಟ್ಟೆ. ಒತ್ತುಕಾಗದವನ್ನು ಅರ್ಧ ಗಂಟೆಗೆ, ಎರಡು ಗಂಟೆಗೆ, ಮರುದಿನ ಬದಲಿಸಿದೆ.

ಮರುಚೌಕಟ್ಟಿಗೆ ಆಮ್ಲರಹಿತ ರಟ್ಟು, ಹಾಳೆಯನ್ನು ಹಿಡಿದಿಡಲು ಮೇಲಂಚಿಗೆ ಎರಡೇ ಕಾಗದದ ಕೀಲು. ಮೇಲಿನ ರಟ್ಟಿನಲ್ಲಿ ಚಿತ್ರ ಕಾಣುವ ಕಿಟಕಿಯನ್ನು ತಗಡಿನ ಗುರುತಿನಿಂದ 6 ಮಿ.ಮೀ. ಆಚೆಗೆ ಕತ್ತರಿಸಿದೆ; ಆ ರಟ್ಟಿನ ದಪ್ಪವೇ ಗಾಜು ಹಾಳೆಗೆ ತಾಗದಂತೆ ತಡೆಯುತ್ತದೆ. ಬೆಳಕು 50 ಲಕ್ಸ್ (ಬೆಳಕಿನ ಅಳತೆ) ದಾಟಬಾರದು, ಗಾಳಿಯ ತೇವ 65% ಮೀರಿದರೆ ಬೂಷ್ಟು ಹಿಡಿಯುತ್ತದೆ. ಈಗ ಗೆರೆಗಳ ನಡುವಿನ ಕಾಗದ ತಿಳಿಯಾಗಿದೆ, ಚುಂಗಾಣಿಯ ಹೊಗೆ ಹಿಂದಿನ ಗೋಡೆಯಿಂದ ಬೇರೆಯಾಗಿ ಕಾಣುತ್ತಿದೆ.