ಜ್ವರ ಬಿಟ್ಟಿತು, ಸುಸ್ತು ಬಿಡಲಿಲ್ಲ: ಶುಗರ್ ಇರುವವರು ಏನು ಮಾಡಬೇಕು?

ಮಳೆಗಾಲ ಬಂತೆಂದರೆ ಹಾಸನ, ಸಕಲೇಶಪುರ, ಮೂಡಿಗೆರೆ ಕಡೆ ಮನೆಗೊಬ್ಬರು ಜ್ವರ ಅಂತ ಮಲಗುತ್ತಾರೆ. ಡೆಂಗಿ, ಚಿಕೂನ್‌ಗುನ್ಯಾ, ಫ್ಲೂ, ಇಲ್ಲವೇ ಚೀಟಿಯಲ್ಲಿ ಬರೀ 'ವೈರಲ್' ಅಂತ ಬರೆದ ಇನ್ನೊಂದು. ಕೊಪ್ಪ, ನರಸಿಂಹರಾಜಪುರದ ಕಡೆ ಬೇಸಿಗೆಯಲ್ಲಿ ಮಂಗನ ಕಾಯಿಲೆಯೂ ಇದೆ. ಜ್ವರವೇನೋ ವಾರದೊಳಗೆ ಇಳಿಯುತ್ತದೆ. ಆಮೇಲಿನ ಸುಸ್ತು ವಾರಗಟ್ಟಲೆ ಎಳೆಯುತ್ತದೆ. ಸ್ನಾನ ಮಾಡಿ ಬಂದರೆ ಮತ್ತೆ ಮಲಗಬೇಕು ಅನ್ನಿಸುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಇನ್ನಷ್ಟು ಗೋಜಲು. ಯಾಕೆಂದರೆ ಶುಗರ್ ಏರಿದರೂ ಸುಸ್ತು, ಇಳಿದರೂ ಸುಸ್ತು, ವೈರಸ್ ಬಿಟ್ಟುಹೋದದ್ದೂ ಸುಸ್ತೇ.

ಇಲ್ಲಿ ಜನ ಎಡವುವುದು ಎರಡು ಕಡೆ. ಅಳೆದು ನೋಡದೆ ಗ್ಲೂಕೋಸ್ ಕುಡಿಯುತ್ತಾರೆ. ಒಂದು ದಿನ ಚೆನ್ನಾಗಿದೆ ಅನ್ನಿಸಿದ ಕೂಡಲೇ ತೋಟಕ್ಕೆ ಹೊರಡುತ್ತಾರೆ.

ಹಂತ 1: ಮನೆಯಲ್ಲಿ ಒಂದು ಗ್ಲುಕೋಮೀಟರ್ ಇರಲಿ

ಬೆಂಗಳೂರಿನಿಂದ ಮಗ ತಂದುಕೊಟ್ಟ ಮೀಟರ್ ಎಷ್ಟು ಚೆನ್ನಾಗಿದ್ದರೇನು, ಅದರ ಸ್ಟ್ರಿಪ್ ನಿಮ್ಮೂರಿನ ಮೆಡಿಕಲ್‌ನಲ್ಲಿ ಸಿಗದಿದ್ದರೆ ಎರಡು ವಾರದಲ್ಲಿ ಅದು ಬೀರು ಸೇರುತ್ತದೆ. ಮೊದಲು ಸ್ಟ್ರಿಪ್ ವಿಚಾರಿಸಿ, ಆಮೇಲೆ ಮೀಟರ್ ಕೊಳ್ಳಿ. ಮಲೆನಾಡಿನ ಮಳೆಗೆ ಬಟ್ಟೆಯೇ ಒಣಗುವುದಿಲ್ಲ, ಸ್ಟ್ರಿಪ್ ಉಳಿಯುತ್ತದಾ? ಒಂದು ತೆಗೆದ ಕೂಡಲೇ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿ. ಉಳಿದವನ್ನು ಪ್ಲಾಸ್ಟಿಕ್ ಕವರಿಗೆ ಸುರಿದು ಇಡಬೇಡಿ. ಜೊತೆಗೊಂದು ಗೆರೆ ಹಾಕಿದ ನೋಟ್‌ಬುಕ್ ಇಡಿ. ಮೊಬೈಲ್ ಆ್ಯಪ್ ಬೇಡ. ಡಾಕ್ಟರ ಮುಂದೆ ಕೂತು ಸ್ಕ್ರೀನ್ ಉಜ್ಜುತ್ತಾ ಹುಡುಕುವುದಕ್ಕಿಂತ ಪುಸ್ತಕ ತೆರೆದಿಡುವುದೇ ವಾಸಿ.

ಹಂತ 2: ಸುಸ್ತಾದಾಗಲೇ ಚುಚ್ಚಿ ನೋಡಿ

ಎಲ್ಲರೂ ತಪ್ಪುವುದು ಇಲ್ಲೇ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿ 'ನೂರಿಪ್ಪತ್ತಿದೆ, ಶುಗರ್ ಸರಿಯಾಗಿದೆ' ಅಂತ ಸುಮ್ಮನಾಗುತ್ತಾರೆ. ಸುಸ್ತು ಬರುವುದು ಮಧ್ಯಾಹ್ನ ಮೂರಕ್ಕೋ, ರಾತ್ರಿ ಎರಡಕ್ಕೋ. ಆ ಹೊತ್ತಿನ ಅಂಕಿ ಬೇಕು. ಮೈ ಸೋತು ಕೈಕಾಲು ಬಿದ್ದುಹೋದ ಹಾಗಾಯಿತು ಅನ್ನಿಸಿದಾಗ, ಏನನ್ನೂ ಬಾಯಿಗೆ ಹಾಕುವ ಮೊದಲು ಒಂದು ಸಲ ಚುಚ್ಚಿ ನೋಡಿ. ಚುಚ್ಚಲೂ ಆಗದಷ್ಟು ಕೈ ನಡುಗುತ್ತಿದ್ದರೆ, ಬೆವರುತ್ತಿದ್ದರೆ ಅಂಕಿಗೆ ಕಾಯಬೇಡಿ. ಮೊದಲು ಸಕ್ಕರೆ ತಿನ್ನಿ.

ಕೈ ಸೋಪು ಹಚ್ಚಿ ತೊಳೆದು ಒರೆಸಿಕೊಳ್ಳಿ. ಕಿತ್ತಳೆ ಸುಲಿದ, ಬೆಲ್ಲ ಮುರಿದ ಬೆರಳಲ್ಲೇ ಚುಚ್ಚಿದರೆ ಇಲ್ಲದ ಶುಗರ್ ಮೀಟರಿನಲ್ಲಿ ಕಾಣುತ್ತದೆ. ಸ್ಯಾನಿಟೈಸರ್ ಸವರಿದರೆ ಅಂಟು ಹೋಗುವುದಿಲ್ಲ. ಬೆರಳ ತುದಿಯ ನಡುವೆ ಬೇಡ, ಪಕ್ಕದಲ್ಲಿ ಚುಚ್ಚಿ, ನೋವು ಕಡಿಮೆ. ಹಿಂಡಿ ಹಿಂಡಿ ರಕ್ತ ತೆಗೆಯಬೇಡಿ. ಕೈಯನ್ನು ಸ್ವಲ್ಪ ಹೊತ್ತು ಕೆಳಗೆ ಇಳಿಬಿಟ್ಟರೆ ತಾನಾಗೇ ಬರುತ್ತದೆ.

ಈಗ ಅಂಕಿ ನೋಡಿ.

70ಕ್ಕಿಂತ ಕಡಿಮೆ ಬಂದರೆ ಅದು ಲೋ ಶುಗರ್. ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಕಲಸಿ ಕುಡಿಯಿರಿ. ಸುಮಾರು 15 ಗ್ರಾಂ ಆಗುತ್ತದೆ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಂದು ಸಲ ಅಷ್ಟೇ ಕುಡಿಯಿರಿ. ಏರಿದ ಮೇಲೆ ಒಂದು ರೊಟ್ಟಿಯನ್ನೋ ಮೊಸರನ್ನವನ್ನೋ ತಿನ್ನಿ, ಡಾಕ್ಟರಿಗೆ ಫೋನ್ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಸುರಿಯಬೇಡಿ, ಶ್ವಾಸಕ್ಕೆ ಹೋಗುತ್ತದೆ. ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಜ್ವರ ಬಿಟ್ಟ ಮೇಲೆ ಲೋ ಯಾಕಾಗುತ್ತದೆ? ಜ್ವರದಿಂದಲೋ, ಆಗ ಕೊಟ್ಟ ಸ್ಟೀರಾಯ್ಡ್‌ನಿಂದಲೋ ಶುಗರ್ ಏರಿತ್ತು ಅಂತ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಜಾಸ್ತಿ ಮಾಡಿರುತ್ತಾರೆ. ಜ್ವರ ಹೋಯಿತು, ಸ್ಟೀರಾಯ್ಡ್ ನಿಂತಿತು, ಆದರೆ ಏರಿಸಿದ ಡೋಸ್ ಹಾಗೇ ಉಳಿಯಿತು. ಬಾಯಿ ರುಚಿ ಕೆಟ್ಟು ಊಟ ಅರ್ಧ ಆಗಿದೆ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಮಾತ್ರೆ ನುಂಗುವವರು ಮತ್ತು ಇನ್ಸುಲಿನ್ ಹಾಕಿಕೊಳ್ಳುವವರು ಇದನ್ನು ನೆನಪಿಡಲೇಬೇಕು. ಬಿಪಿಗೆ ಮೆಟೊಪ್ರೊಲಾಲ್ ಥರದ ಮಾತ್ರೆ ತಗೊಳ್ಳುತ್ತಿದ್ದರೆ ನಡುಕ, ಎದೆಬಡಿತ ಗೊತ್ತಾಗದೇ ಹೋಗಬಹುದು. ಬೆವರು ಮಾತ್ರ ಬರುತ್ತದೆ.

250 ದಾಟಿದ್ದರೆ, ನಾಲಿಗೆ ಒಣಗಿ ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಎದ್ದಿದ್ದರೆ, ಸುಸ್ತು ತರುತ್ತಿರುವುದು ಏರಿದ ಶುಗರ್. ಏನೂ ತಿಂದಿಲ್ಲವಲ್ಲ ಅಂತ ಎಲ್ಲರೂ ಕೇಳುತ್ತಾರೆ. ಸೋಂಕು ಬಂದಾಗ ದೇಹ ಕಾರ್ಟಿಸಾಲ್, ಅಡ್ರಿನಲಿನ್ ಜಾಸ್ತಿ ಮಾಡುತ್ತದೆ. ಆಗ ಲಿವರ್ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಇನ್ಸುಲಿನ್ನಿನ ಮಾತು ನಡೆಯುವುದಿಲ್ಲ. ಅದರ ಮೇಲೆ ಗಂಜಿ, ಬ್ರೆಡ್, ರಸ್ಕ್. ಡೋಸ್ ನೀವೇ ಬದಲಿಸಬೇಡಿ, ಡಾಕ್ಟರಿಗೆ ಅಂಕಿ ಓದಿ ಹೇಳಿ. 300ರ ಮೇಲೆ ನಿಂತುಬಿಟ್ಟರೆ, ವಾಂತಿ ಶುರುವಾದರೆ, ಮಂಪರು ಬಂದರೆ ಫೋನಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಹೋಗಿ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತಗೊಳ್ಳುವವರಿಗೆ ಶುಗರ್ ತೀರಾ ಏರದೆಯೂ ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗುವಾಗ ಹುಟ್ಟುವ ಆಮ್ಲ, ಹೆಚ್ಚಾದರೆ ಜೀವಕ್ಕೇ ಅಪಾಯ) ಏರಬಹುದು. ಜ್ವರ, ವಾಂತಿ ಇದ್ದು ಊಟ ಸೇರದ ದಿನಗಳಲ್ಲಿ ಈ ಮಾತ್ರೆ ನಿಲ್ಲಿಸಬೇಕಾ ಅಂತ ಕೇಳಿಕೊಳ್ಳಿ. ಇನ್ಸುಲಿನ್ ಮಾತ್ರ 'ಊಟವೇ ಇಲ್ಲ' ಅಂತ ನೀವಾಗೇ ನಿಲ್ಲಿಸಬೇಡಿ.

100ರಿಂದ 180ರ ನಡುವೆ ಇದ್ದೂ ಎದ್ದೇಳಲು ಆಗುತ್ತಿಲ್ಲವೇ? ಹಾಗಾದರೆ ಈ ಹೊತ್ತಿನ ಸುಸ್ತಿಗೆ ಶುಗರ್ ಕಾರಣವಲ್ಲ. ಸಿಹಿ ಕುಡಿದರೆ ಸುಸ್ತು ಹೋಗುವುದಿಲ್ಲ, ಶುಗರ್ ಏರುತ್ತದೆ ಅಷ್ಟೇ.

ಪುಸ್ತಕದಲ್ಲಿ ಗಂಟೆ, ಅಂಕಿ, ಏನು ತಿಂದಿರಿ, ಏನು ಕೆಲಸ ಮಾಡಿದಿರಿ, ಸುಸ್ತು ಹತ್ತಕ್ಕೆ ಎಷ್ಟು ಅಂತ ಬರೆಯಿರಿ. ನಾಲ್ಕೈದು ದಿನದ ಪುಟ ನೋಡಿದರೆ ಯಾವುದು ಯಾವುದರ ಹಿಂದೆ ಬರುತ್ತಿದೆ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಹಂತ 3: ಪುಡಿ, ಬಾಟ್ಲಿ, ಟಾನಿಕ್ ದೂರ ಇಡಿ

ಗ್ಲೂಕೋಸ್ ಪುಡಿ ಹೆಚ್ಚುಕಡಿಮೆ ಬರೀ ಗ್ಲೂಕೋಸ್. ಲೋ ಶುಗರ್‌ಗೆ ಅದು ಔಷಧಿ, ಬೇರೆ ಸುಸ್ತಿಗೆ ವಿಷ. 'ಒಂದು ಬಾಟ್ಲಿ ಹಾಕಿಬಿಡಿ ಸಾರ್' ಅಂತ ಕೇಳಿ ಹಾಕಿಸಿಕೊಳ್ಳುವ ಅರ್ಧ ಲೀಟರ್ ಡೆಕ್ಸ್‌ಟ್ರೋಸ್ ಡ್ರಿಪ್‌ನಲ್ಲಿ 25 ಗ್ರಾಂ ಗ್ಲೂಕೋಸ್ ಇರುತ್ತದೆ. ಮಲಗಿಕೊಂಡೇ ಐದು ಚಮಚ ಸಕ್ಕರೆ ತಿಂದ ಲೆಕ್ಕ ಅಲ್ವಾ? ಭೇದಿ, ವಾಂತಿಯಾಗಿದ್ದರೆ ಓಆರ್‌ಎಸ್ ಬೇಕು, ಅದು ಬೇರೆ. ಸರಿಯಾದ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಮಾತ್ರ ಗ್ಲೂಕೋಸ್. ಟೆಟ್ರಾಪ್ಯಾಕ್‌ನ ಹಣ್ಣಿನ ರುಚಿಯ ಪಾನೀಯಗಳಲ್ಲಿ ಅದರ ಎಷ್ಟೋ ಪಟ್ಟು ಸಕ್ಕರೆ. ಆ ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಓಆರ್‌ಎಸ್ ಅಂತ ಬರೆಯಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶವನ್ನೇ ಹೊರಡಿಸಿತು. ನೀವು ಪುಡಿಯ ಪೊಟ್ಟಣವನ್ನೇ ಕೇಳಿ ತಗೊಳ್ಳಿ.

ಬೆಲ್ಲದ ಕಾಫಿ ಕುಡಿದರೆ ಶುಗರ್ ಏರುವುದಿಲ್ಲ ಅನ್ನುವವರು ಕಾಫಿ ನಾಡಿನ ತುಂಬ ಇದ್ದಾರೆ. ಏರುತ್ತದೆ. ಅದೇ ಮೀಟರ್ ತೋರಿಸುತ್ತದೆ, ನೋಡಿ.

ಹಂತ 4: ಒಂದು ಸಲ ರಕ್ತ ಪರೀಕ್ಷೆ, ಇಸಿಜಿ

ಎರಡು ವಾರ ಕಳೆದರೂ ಸುಸ್ತು ಇಳಿಯದಿದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್, ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ ನೋಡಿಸಿ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುತ್ತಿರುವವರು ಬಿ12 ಕೂಡ ನೋಡಿಸಿ. ಆ ಮಾತ್ರೆ ಬಿ12 ಇಳಿಸುತ್ತದೆ, ಕಾಲು ಜೋಮು ಹಿಡಿಯುತ್ತದೆ, ಬೈಸಿಕೊಳ್ಳುವುದು ವೈರಸ್. ಇಸಿಜಿ ಬಿಡಬೇಡಿ. ಶುಗರ್ ಇರುವವರಿಗೆ ಎದೆನೋವೇ ಇಲ್ಲದೆ, ಬರೀ ಸುಸ್ತು, ಏದುಸಿರಾಗಿ ಹೃದಯಾಘಾತ ಆಗಬಹುದು. 2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿಗೆ ಹೆದರಿ ಏನೂ ಇಲ್ಲದವರೂ ಆಸ್ಪತ್ರೆಗಳ ಮುಂದೆ ಸಾಲು ನಿಂತರು. ನಿಜವಾಗಿ ನಿಲ್ಲಬೇಕಾದವರು ಸುಸ್ತು ಬಿಡದ ಈ ಶುಗರಿನವರು. ಮಂಗನ ಕಾಯಿಲೆಯವರಿಗೆ ಇನ್ನೊಂದು ಮಾತು: ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಜ್ವರ, ಜೋರು ತಲೆನೋವು ಬಂದರೆ ಅದು ಎರಡನೇ ಸುತ್ತು. ಮನೆಯಲ್ಲಿ ಕೂರಬೇಡಿ.

ಹಂತ 5: ಚೆನ್ನಾಗಿರುವ ದಿನವೇ ಹುಷಾರು

ಮಳೆ ಹೊಳವಾಗುತ್ತದೆ. ಅಡಿಕೆಗೆ ಬೋರ್ಡೋ ಹೊಡೆಸಬೇಕು, ಆಳು ಸಿಕ್ಕಿದ್ದಾರೆ, ಮೈ ಕೂಡ ಹಗುರಾಗಿದೆ. ಹೋಗುತ್ತಾರೆ. ಅವತ್ತು ಏನೂ ಆಗುವುದಿಲ್ಲ, ಅದೇ ಮೋಸ. ಪೆಟ್ಟು ಬೀಳುವುದು ಮರುದಿನ, ಇಲ್ಲವೇ ಅದರ ಮರುದಿನ. ಆಗ ಮತ್ತೆ ಮೂರು ದಿನ ಹಾಸಿಗೆ. ಇನ್ಸುಲಿನ್ ಮೇಲಿರುವವರಿಗೆ ಇನ್ನೊಂದು ಅಪಾಯವಿದೆ. ದುಡಿದ ಸ್ನಾಯುಗಳು ಗಂಟೆಗಟ್ಟಲೆ ರಕ್ತದ ಸಕ್ಕರೆ ಎಳೆದುಕೊಳ್ಳುತ್ತಲೇ ಇರುತ್ತವೆ, ಹಾಗಾಗಿ ಲೋ ಆಗುವುದು ನಡುರಾತ್ರಿ. ಮೈಮುರಿದು ಕೆಲಸ ಮಾಡಿದ ದಿನ ಮಲಗುವ ಮೊದಲು ಶುಗರ್ ನೋಡಿಯೇ ಮಲಗಿ.

ನಾನು ಹೇಳುವ ಲೆಕ್ಕ ಸರಳ. ಇವತ್ತು ಎಷ್ಟು ಆಗುತ್ತದೆ ಅನ್ನಿಸುತ್ತದೋ ಅದರ ಅರ್ಧ ಮಾಡಿ, ಸುಸ್ತಾಗುವ ಮೊದಲೇ ಕೂತುಬಿಡಿ. ಹತ್ತು ನಿಮಿಷ ನಡೆದು ಎರಡು ದಿನ ನೋಡಿ. ಎರಡೂ ದಿನ ಸರಿಯಿದ್ದರೆ ಹನ್ನೆರಡು ನಿಮಿಷ. ಮತ್ತೆ ಸುಸ್ತು ಹೊಡೆದರೆ ಐದಕ್ಕೆ ಇಳಿಸಿ. ಹಾಸನದವರು ಮಹಾರಾಜ ಪಾರ್ಕಿನಲ್ಲಿ ನಡೆಯಲಿ, ನೆಲ ಸಮ, ಕೂರಲು ಬೆಂಚಿದೆ. ಚಿಕ್ಕಮಗಳೂರಿನವರು ರತ್ನಗಿರಿ ಬೋರೆಯ ಏರನ್ನು ಸದ್ಯಕ್ಕೆ ಬಿಡಿ, ರಸ್ತೆಯಲ್ಲಿ ಸಮತಟ್ಟು ಜಾಗ ನೋಡಿಕೊಳ್ಳಿ. ಸ್ನಾನವೂ ಒಂದು ಕೆಲಸವೇ. ಸ್ಟೂಲ್ ಮೇಲೆ ಕೂತು ಸ್ನಾನ ಮಾಡಿದರೆ ಮರ್ಯಾದೆ ಹೋಗುವುದಿಲ್ಲ. ಹಾಗಂತ ದಿನವಿಡೀ ಮಲಗಲೂಬೇಡಿ, ಸ್ನಾಯು ಕರಗುತ್ತದೆ, ಶುಗರ್ ಏರುತ್ತದೆ. 'ಬೆವರಿಳಿಸಿದರೆ ಸುಸ್ತು ಹೋಗುತ್ತೆ' ಅನ್ನುವ ಜಿಮ್ ಹುಡುಗರ ಮಾತಿಗೆ ಈಗ ಕಿವಿಗೊಡಬೇಡಿ.

ಹಂತ 6: ಊಟ

ಅನ್ನದ ಗಂಜಿ ಕಡಿಮೆ ಮಾಡಿ. ಚಿಕ್ಕ ಮುದ್ದೆ, ಬಸ್ಸಾರು, ಅದರ ಕಾಳು, ಮೊಟ್ಟೆ, ಮಜ್ಜಿಗೆ ಇರಲಿ. ಕಿಡ್ನಿ ತೊಂದರೆ ಇರುವವರು ಎಳನೀರು, ಕಾಳು ಎರಡನ್ನೂ ಡಾಕ್ಟರನ್ನು ಕೇಳಿಯೇ ತಗೊಳ್ಳಿ. ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗುವುದಂತೂ ಬೇಡವೇ ಬೇಡ. ಡೆಂಗಿ ಇದ್ದರೆ ರಕ್ತಸ್ರಾವದ ಭಯ, ಶುಗರ್ ಹಳೆಯದಾದರೆ ಕಿಡ್ನಿಗೆ ಪೆಟ್ಟು.

ಹಂತ 7: ಮುಂದಿನ ಮಳೆಗಾಲಕ್ಕೆ

ಫ್ಲೂ ಲಸಿಕೆ ವರ್ಷಕ್ಕೊಂದು ಸಲ. ಏಪ್ರಿಲ್, ಮೇ ಹೊತ್ತಿಗೆ ಹಾಕಿಸಿಕೊಂಡರೆ ಮಳೆ ಹಿಡಿಯುವ ವೇಳೆಗೆ ಕೆಲಸ ಮಾಡುತ್ತಿರುತ್ತದೆ. ಡೆಂಗಿಗೆ ಸೊಳ್ಳೆ ಪರದೆ, ನಿಂತ ನೀರು ಚೆಲ್ಲುವುದೇ ಗತಿ. ಸುಸ್ತಿನ ಪುಸ್ತಕವನ್ನು ರದ್ದಿಗೆ ಹಾಕಬೇಡಿ. ಮುಂದಿನ ಜ್ವರದಲ್ಲಿ ಡೋಸ್ ಎಷ್ಟು ಏರಿಸಿದ್ದರು, ಯಾವತ್ತು ಇಳಿಸಿದರು ಅಂತ ಡಾಕ್ಟರ್ ಕೇಳಿದಾಗ ಅದರಲ್ಲೇ ಸಿಗುತ್ತದೆ.