ಕರಕರ ಇಲ್ಲದ ಹಳೆ ಹಾಡು

ಹಳೆಯ ರೆಕಾರ್ಡುಗಳ ಮಾತು ಬಂದರೆ ಸಾಕು, 'ಆ ಕರಕರ ಸದ್ದು ಕೇಳೋದೇ ಒಂದು ಸುಖ' ಅಂತ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಈಗಂತೂ ಹೊಸ ಹಾಡಿಗೂ ಕಂಪ್ಯೂಟರಿನಲ್ಲಿ ಆ ಸದ್ದು ಬೆರೆಸುವವರಿದ್ದಾರೆ. ನನಗೆ ಇದು ಮೊದಲಿಂದಲೂ ಅಷ್ಟಾಗಿ ಒಪ್ಪಿಗೆಯಿರಲಿಲ್ಲ. ಹಳೆಯ ಪ್ಲೇಯರೊಂದನ್ನು ಬಿಚ್ಚಿ, ಒರೆಸಿ, ರಬ್ಬರು ಬದಲಿಸಿ, ಮತ್ತೆ ಹಾಡಿಸಿದ ಮೇಲೆ ಇದ್ದ ಚೂರು ಒಪ್ಪಿಗೆಯೂ ಪೂರ್ತಿ ಹೋಯಿತು. ಆ ಕರಕರದಲ್ಲಿ ಬಹುಪಾಲು ಧೂಳು, ಸವೆದ ಮುಳ್ಳು, ಇಲ್ಲವೇ ಅಳತೆಗೆ ಹೊಂದದ ಮುಳ್ಳು. ಮೂರನ್ನೂ ಸರಿಮಾಡಬಹುದು.

ನನ್ನದು ಸೂಟ್‌ಕೇಸ್ ಥರದ ಪ್ಲೇಯರ್. ಮುಚ್ಚಳ ತೆರೆದರೆ ಒಂದು ಕಡೆ ಸ್ಪೀಕರು, ಇನ್ನೊಂದು ಕಡೆ ತಿರುಗುವ ತಟ್ಟೆ. ಪಕ್ಕದ ಕಡ್ಡಿಯ ಮೇಲೆ 16, 33, 45, 78 ಎಂಬ ಗುರುತುಗಳು. ತಟ್ಟೆ ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕು ಅನ್ನುವ ಲೆಕ್ಕ ಅದು; 33 ಅಂದರೆ 33⅓. ಮನೆಯ ಹಿರಿಯರು ಕೊಟ್ಟಿದ್ದು. ವರ್ಷಗಟ್ಟಲೆ ಯಾರೂ ಮುಟ್ಟಿರಲಿಲ್ಲ.

ಇಂಥದ್ದು ಕೈಗೆ ಸಿಕ್ಕ ಕೂಡಲೇ ಪ್ಲಗ್ ಹಾಕಿ ನೋಡುವ ಆಸೆ ಯಾರಿಗಾದರೂ ಬರುತ್ತದೆ. ನಾನು ಹಾಕಲಿಲ್ಲ. ಹಳೆಯ ತಂತಿಯ ಮೇಲಿನ ರಬ್ಬರು ಪುಡಿಯಾಗಿ ಉದುರುತ್ತಿರುತ್ತದೆ. ಕಡಿಮೆ ಬೆಲೆಯ ಕೆಲವು ಹಳೆ ಪ್ಲೇಯರುಗಳಲ್ಲಿ ಒಳಗಿನ ಲೋಹದ ಚೌಕಟ್ಟಿಗೇ ಕರೆಂಟಿನ ಒಂದು ತಂತಿ ನೇರವಾಗಿ ಸೇರಿರುತ್ತದೆ. ಮುಟ್ಟಿದರೆ ಜೀವಕ್ಕೇ ಅಪಾಯ. ವಿದ್ಯುತ್ತನ್ನು ಹಿಡಿದಿಟ್ಟು ಬಿಡುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಒಣಗಿ ಹೋಗಿರುತ್ತವೆ. ಅವು ಕೆಟ್ಟರೆ ಸ್ಪೀಕರಿನಲ್ಲಿ ಬರೀ ಗುಂಯ್ ಅನ್ನುವ ಸದ್ದು. ತಂತಿ, ಫ್ಯೂಸು, ಕೆಪಾಸಿಟರು ಇಷ್ಟನ್ನೂ ಎಲೆಕ್ಟ್ರಾನಿಕ್ಸ್ ಬಲ್ಲ ಗೆಳೆಯನೊಬ್ಬನ ಜೊತೆ ಕೂತು ಬದಲಿಸಿದೆ. ಕರೆಂಟಿನ ಕೆಲಸ ಗೊತ್ತಿಲ್ಲದಿದ್ದರೆ ಈ ಭಾಗವನ್ನು ಬಲ್ಲವರಿಗೇ ಬಿಡಿ. ಉಳಿದದ್ದೆಲ್ಲ ತಾಳ್ಮೆ ಇದ್ದವರು ಮಾಡಬಹುದಾದದ್ದು.

ನಿಜವಾದ ಮಜಾ ಇರುವುದು ತಟ್ಟೆಯ ಕೆಳಗೆ. ಮೋಟಾರಿನ ಕಡ್ಡಿಗೆ ಮೆಟ್ಟಿಲು ಮೆಟ್ಟಿಲಾಗಿ ಬೇರೆ ಬೇರೆ ದಪ್ಪ. ರಬ್ಬರು ಅಂಚಿನ ಒಂದು ಪುಟ್ಟ ಚಕ್ರ ಆ ಕಡ್ಡಿಗೂ ತಟ್ಟೆಯ ಒಳಅಂಚಿಗೂ ಒತ್ತಿಕೊಂಡು ತಿರುಗುತ್ತದೆ. ಇದೇ ಐಡ್ಲರ್ ಚಕ್ರ. ವೇಗ ಬದಲಿಸಿದಾಗ ಈ ಚಕ್ರ ಬೇರೆ ಮೆಟ್ಟಿಲಿಗೆ ಹೋಗುತ್ತದೆ, ಅಷ್ಟೇ. ದಪ್ಪ ಮೆಟ್ಟಿಲಿಗೆ ಹೋದರೆ ವೇಗ ಜಾಸ್ತಿ, ಸಣ್ಣದಕ್ಕೆ ಹೋದರೆ ಕಡಿಮೆ. ಎಷ್ಟು ಸರಳ ನೋಡಿ. ಆದರೆ ಪ್ಲೇಯರನ್ನು ಯಾವುದೋ ಒಂದು ವೇಗದಲ್ಲೇ ಬಿಟ್ಟು ಎತ್ತಿಟ್ಟರೆ, ಒತ್ತಿಕೊಂಡ ಜಾಗದಲ್ಲಿ ರಬ್ಬರು ತಗ್ಗಾಗುತ್ತದೆ. ಆಮೇಲೆ ಚಕ್ರದ ಪ್ರತಿ ಸುತ್ತಿಗೂ 'ದುಬ್ ದುಬ್' ಅಂತ ಸದ್ದು. ತಗ್ಗು ಕಡಿಮೆಯಿದ್ದರೆ ನುಣ್ಣನೆಯ ಮರಳು ಕಾಗದಕ್ಕೆ ಚಕ್ರದ ಅಂಚನ್ನು ತಿರುಗಿಸುತ್ತಾ ತಾಗಿಸಿ ಸಮ ಮಾಡಬಹುದು. ನನ್ನದರಲ್ಲಿ ಉಗುರು ಒತ್ತಿದರೂ ಇಳಿಯದಷ್ಟು ರಬ್ಬರು ಗಡುಸಾಗಿತ್ತು. ಅದನ್ನು ಕಿತ್ತು ಹೊಸ ರಬ್ಬರು ಹಾಕಿಸಿದೆ.

ಮೋಟಾರಿನ ಹಳೇ ಎಣ್ಣೆ ಅಂಟಾಗಿ, ಗ್ರೀಸು ಮೇಣದಂತೆ ಗಟ್ಟಿಯಾಗಿ ಕೂತಿತ್ತು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಎಲ್ಲವನ್ನೂ ಒರೆಸಿ ತೆಗೆದೆ. ಇಂಥ ಮೋಟಾರುಗಳಲ್ಲಿ ಸಾಮಾನ್ಯವಾಗಿ ಬೇರಿಂಗು ಸಣ್ಣ ಸಣ್ಣ ರಂಧ್ರಗಳಿರುವ ಕಂಚಿನದು. ಅದು ಎಣ್ಣೆಯನ್ನು ಹೀರಿ ಇಟ್ಟುಕೊಳ್ಳುತ್ತದೆ. ಹೊಲಿಗೆ ಯಂತ್ರದ ತೆಳು ಎಣ್ಣೆ ಎರಡು ಹನಿ ಬಿಟ್ಟು ರಾತ್ರಿಯಿಡೀ ಬಿಟ್ಟರೆ ಸಾಕು. ತುಕ್ಕು ಬಿಡಿಸುವ ಸ್ಪ್ರೇಯನ್ನು ಇಲ್ಲಿ ಹೊಡೆಯಬೇಡಿ. ಅದು ಇರುವ ಎಣ್ಣೆಯನ್ನೂ ತೊಳೆದುಕೊಂಡು ಹೋಗುತ್ತದೆ. ಇನ್ನು ಐಡ್ಲರಿನ ಅಂಚು, ಮೋಟಾರು ಕಡ್ಡಿ, ತಟ್ಟೆಯ ಒಳಅಂಚು ಈ ಮೂರಕ್ಕೂ ಒಂದು ಹನಿ ಎಣ್ಣೆಯೂ ಸೋಕಬಾರದು. ಸೋಕಿದರೆ ಚಕ್ರ ಜಾರುತ್ತದೆ, ಹಾಡು ಎಳೆಯುತ್ತದೆ.

ವೇಗ ಸರಿಯಿದೆಯಾ ಅಂತ ನೋಡಲು ಒಂದು ಕಾಗದದ ತಟ್ಟೆ ಸಿಗುತ್ತದೆ. ಅದರ ಅಂಚಿನಲ್ಲಿ ಸುತ್ತ ಗೆರೆಗಳು. 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ ಅಲೆಯಾಡುವ ಕರೆಂಟಿನಲ್ಲಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಿಮಿಷಕ್ಕೆ 33⅓ ಸುತ್ತಿಗೆ 180 ಗೆರೆ ಇದ್ದರೆ, ಪ್ರತಿ ಮಿನುಗಿಗೂ ಒಂದು ಗೆರೆಯ ಜಾಗಕ್ಕೆ ಮುಂದಿನ ಗೆರೆ ಬಂದು ಕೂರುತ್ತದೆ. ಹಾಗಾಗಿ ಗೆರೆಗಳು ನಿಂತ ಹಾಗೆ ಕಾಣುತ್ತವೆ. ಮುಂದಕ್ಕೆ ಸರಿದರೆ ವೇಗ ಜಾಸ್ತಿ, ಹಿಂದಕ್ಕೆ ಸರಿದರೆ ಕಡಿಮೆ. 60 ಹರ್ಟ್ಸ್ ಇರುವ ಕಡೆ ಗೆರೆ 216 ಬೇಕು. ಎಲ್‌ಇಡಿ ಬೆಳಕಿನಲ್ಲಿ ಇದು ಎಷ್ಟೋ ಸಲ ಕೆಲಸ ಮಾಡುವುದಿಲ್ಲ, ಏಕೆಂದರೆ ಒಳ್ಳೆಯ ಎಲ್‌ಇಡಿ ಮಿನುಗುವುದೇ ಇಲ್ಲ. ಹಳೆಯ ನಿಯಾನ್ ಪುಟ್ಟ ದೀಪ ಇದ್ದರೆ ಅದೇ ಚೆನ್ನ. ಹಳೆಯ ಪ್ಲೇಯರನ್ನು ಬೇರೆ ದೇಶದಿಂದ ತರಿಸುವವರು ಇನ್ನೊಂದನ್ನೂ ನೋಡಬೇಕು. 60 ಹರ್ಟ್ಸಿಗೆಂದು ಮಾಡಿದ ಇಂಥ ಮೋಟಾರು 50ರಲ್ಲಿ 33⅓ರ ಬದಲು ನಿಮಿಷಕ್ಕೆ 28 ಸುತ್ತಿಗಿಂತಲೂ ಸ್ವಲ್ಪ ಕಡಿಮೆ ತಿರುಗುತ್ತದೆ. ಶ್ರುತಿ ಮೂರು ಮನೆ ಕೆಳಗಿಳಿಯುತ್ತದೆ. ವೋಲ್ಟೇಜ್ ಬದಲಿಸುವ ಟ್ರಾನ್ಸ್‌ಫಾರ್ಮರು ಇದನ್ನು ಸರಿಮಾಡುವುದಿಲ್ಲ.

ಎಲ್ಲ ಸರಿಹೋದ ಮೇಲೂ ನನ್ನ ಪ್ಲೇಯರು ಪಿಸುಗುಟ್ಟುತ್ತಿತ್ತು. ತಪ್ಪು ಕಾರ್ಟ್ರಿಜ್‌ನದು. ಮುಳ್ಳನ್ನು ಹಿಡಿದು ಅದರ ಅಲುಗಾಟವನ್ನು ವಿದ್ಯುತ್ತು ಮಾಡುವ ಪುಟ್ಟ ಭಾಗ ಅದು. ಹಳೆಯ ಎಷ್ಟೋ ಪ್ಲೇಯರುಗಳಲ್ಲಿ ರೋಷೆಲ್ ಉಪ್ಪಿನ ಹರಳು ಇರುವ ಕಾರ್ಟ್ರಿಜ್ ಇರುತ್ತದೆ. ಮುಳ್ಳು ಅಲುಗಿದಾಗ ಹರಳು ಬಾಗಿ ವಿದ್ಯುತ್ತು ಹುಟ್ಟುತ್ತದೆ. ಒಳ್ಳೆಯ ಉಪಾಯವೇ. ಆದರೆ ಎಷ್ಟಾದರೂ ಅದು ಉಪ್ಪು. ತೇವ ಹೀರಿದರೆ ಸತ್ತಂತೆಯೇ. ರಿಪೇರಿ ಮಾಡುವ ಗೋಜಿಗೆ ಹೋಗದೆ ಸೆರಾಮಿಕ್ ಕಾರ್ಟ್ರಿಜ್ ಹಾಕಿದೆ. ಅದಕ್ಕೆ ತೇವದ ಕಾಟ ಇಲ್ಲ. ಅಯಸ್ಕಾಂತದ ಕಾರ್ಟ್ರಿಜ್ ಇನ್ನೂ ಒಳ್ಳೆಯದಲ್ವಾ ಅಂತ ಕೇಳಬಹುದು. ಹೌದು, ಆದರೆ ಅದರಿಂದ ಬರುವುದು ಬರೀ ಕೆಲವು ಮಿಲಿವೋಲ್ಟ್. ಸೆರಾಮಿಕ್‌ನಲ್ಲಿ ನೂರಾರು. ಹಳೆಯ ಸೂಟ್‌ಕೇಸಿನ ಆಂಪ್ಲಿಫೈಯರಿಗೆ ಆ ಸಣ್ಣ ಸಂಕೇತ ಸಾಲದು. ಅದೂ ಅಲ್ಲದೆ ರೆಕಾರ್ಡಿನಲ್ಲಿ ಹಾಡನ್ನು ಇದ್ದ ಹಾಗೆ ಕೊರೆದಿರುವುದಿಲ್ಲ. ತಗ್ಗು ಸ್ವರವನ್ನು ಇಳಿಸಿ, ಮೇಲಿನ ಸ್ವರವನ್ನು ಏರಿಸಿ ಕೊರೆದಿರುತ್ತಾರೆ. ತಗ್ಗು ಸ್ವರವನ್ನು ಹಾಗೇ ಬಿಟ್ಟರೆ ಮುಳ್ಳು ಓಡುವ ಗೆರೆ ಅಗಲವಾಗಿ ಅಲುಗಿ ಪಕ್ಕದ ಗೆರೆಗೆ ತಾಗುತ್ತದೆ. ಕೇಳುವಾಗ ಇದನ್ನು ಉಲ್ಟಾ ಮಾಡಬೇಕು. ಈ ಅಳತೆಯನ್ನು ಕಂಪನಿಗಳೆಲ್ಲ ಒಂದೇ ಮಾಡಿಕೊಂಡದ್ದು ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘವಾದ ಆರ್‌ಐಎಎಯ 1954ರ ನಿಯಮದ ನಂತರ. ಅಯಸ್ಕಾಂತದ ಕಾರ್ಟ್ರಿಜ್‌ಗೆ ಇದನ್ನು ಮಾಡುವ ಫೋನೋ ಪ್ರೀಆಂಪ್ ಬೇಕೇ ಬೇಕು. ಸೆರಾಮಿಕ್ ತಕ್ಕಮಟ್ಟಿಗೆ ತಾನೇ ಸರಿದೂಗಿಸುತ್ತದೆ. ಅದು ರೆಕಾರ್ಡಿನ ಮೇಲೆ ಹಾಕುವ ಭಾರ ಜಾಸ್ತಿ ಅನ್ನುವುದು ನಿಜ. ಸೆರಾಮಿಕ್‌ಗೆ ಐದು ಗ್ರಾಂ ಆಸುಪಾಸು ಒತ್ತಡ ಬೇಕಾದರೆ, ಅಯಸ್ಕಾಂತದ್ದು ಎರಡು ಗ್ರಾಮಿನಲ್ಲಿ ಓಡುತ್ತದೆ. ಆದ್ದರಿಂದ ಅಪರೂಪದ ಸ್ಟೀರಿಯೋ ರೆಕಾರ್ಡುಗಳನ್ನು ಈ ಪ್ಲೇಯರಿನಲ್ಲಿ ನಾನು ಹಾಕುವುದಿಲ್ಲ.

ಕರಕರದ ಅರ್ಧ ಕಥೆ ಇರುವುದು ಮುಳ್ಳಿನ ತುದಿಯಲ್ಲಿ. 78ರ ರೆಕಾರ್ಡಿನ ಗೆರೆಗೆ ಸುಮಾರು 75 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ತುದಿಯ ಮುಳ್ಳು ಬೇಕು. ಮೋನೋ ಎಲ್‌ಪಿಗೆ, ಅಂದರೆ 33⅓ರ ದೊಡ್ಡ ರೆಕಾರ್ಡಿಗೆ, 25, ಸ್ಟೀರಿಯೋಗೆ 18ರ ಹತ್ತಿರ. ಎಲ್‌ಪಿ ಮುಳ್ಳಿನಲ್ಲಿ 78 ಹಾಕಿದರೆ ತುದಿ ಗೆರೆಯ ತಳಕ್ಕೆ ಇಳಿದು, ಅಲ್ಲಿನ ಕೊಳೆಯಲ್ಲೇ ಅಡ್ಡಾಡುತ್ತದೆ. ಆಗ ಬರುವ ಸದ್ದು ಕೇಳಿ 'ಹಳೇ ರೆಕಾರ್ಡು ಅಂದ್ರೆ ಹೀಗೇ' ಅಂದುಕೊಳ್ಳುತ್ತಾರೆ. 78ರ ಮುಳ್ಳಿನಲ್ಲಿ ಎಲ್‌ಪಿ ಹಾಕಿದರೆ ಇನ್ನೂ ಕೆಟ್ಟದ್ದು, ಗೆರೆಯೇ ಹಾಳಾಗುತ್ತದೆ. ನನ್ನ ಕಾರ್ಟ್ರಿಜ್‌ಗೆ ಎರಡೂ ಮುಳ್ಳಿವೆ, ಪುಟ್ಟ ಕಡ್ಡಿ ತಿರುಗಿಸಿದರೆ ಬದಲಾಗುತ್ತದೆ. ಸಫೈರ್ ಮುಳ್ಳು ಕೆಲವು ಹತ್ತು ಗಂಟೆಗಳಲ್ಲಿ ಸವೆಯುತ್ತದೆ, ವಜ್ರದ್ದು ನೂರಾರು ಗಂಟೆ ಬಾಳುತ್ತದೆ. ಹಳೆಯ ಪ್ಲೇಯರಿನಲ್ಲಿ ಮೊದಲೇ ಇದ್ದ ಮುಳ್ಳನ್ನು ನಂಬಬೇಡಿ. ಸವೆದ ತುದಿ ರೆಕಾರ್ಡನ್ನು ಕೆತ್ತುತ್ತದೆ.

ಆಮೇಲೆ ರೆಕಾರ್ಡು ತೊಳೆಯುವುದು. ಇಲ್ಲಿ ಒಂದು ಮಾತು ಎಲ್ಲಕ್ಕಿಂತ ಮುಖ್ಯ. 78ರ ಹೆಚ್ಚಿನವು ಅರಗಿನವು. ಅರಗು, ಅದಕ್ಕೆ ಸೇರಿಸಿದ ಕಲ್ಲಿನ ನುಣ್ಣನೆ ಪುಡಿ, ಕಪ್ಪು ಬಣ್ಣ. ಆಲ್ಕೋಹಾಲ್ ತಾಗಿದರೆ ಅರಗು ಕರಗುತ್ತದೆ. ಆದ್ದರಿಂದ ಅಂಗಡಿಯಲ್ಲಿ ಸಿಗುವ ರೆಕಾರ್ಡ್ ಕ್ಲೀನರ್ ಬಾಟಲಿಯ ಮೇಲೆ ಏನು ಬರೆದಿದೆ ಅಂತ ಓದಿಯೇ ಬಳಸಿ. ನಾನು ಭಟ್ಟಿ ಇಳಿಸಿದ ನೀರಿಗೆ ಬಣ್ಣ ವಾಸನೆ ಇಲ್ಲದ ಸೌಮ್ಯ ಸೋಪು ಒಂದು ಹನಿ ಹಾಕುತ್ತೇನೆ. ನಲ್ಲಿ ನೀರು ಒಣಗಿದರೆ ಅದರ ಸುಣ್ಣ ಗೆರೆಯಲ್ಲೇ ಉಳಿಯುತ್ತದೆ. ಮೆತ್ತನೆ ಬ್ರಶ್ಶಿನಿಂದ ಗೆರೆಯ ದಿಕ್ಕಿನಲ್ಲೇ ಉಜ್ಜಬೇಕು, ಅಡ್ಡ ಉಜ್ಜಬಾರದು. ನಡುವಿನ ಲೇಬಲ್ ಒದ್ದೆಯಾಗಬಾರದು. ಬರೀ ಭಟ್ಟಿ ನೀರಿನಿಂದ ಇನ್ನೊಮ್ಮೆ ತೊಳೆದು, ನೆಟ್ಟಗೆ ನಿಲ್ಲಿಸಿ ನೆರಳಿನಲ್ಲಿ ಒಣಗಿಸುತ್ತೇನೆ. ಅರಗಿನದನ್ನು ನೀರಿನಲ್ಲಿ ನೆನೆಸಿಡುವುದಿಲ್ಲ, ಕೂಡಲೇ ಒರೆಸುತ್ತೇನೆ. ಸೀಳು ಇರುವುದನ್ನು ಒದ್ದೆಯೇ ಮಾಡುವುದಿಲ್ಲ.

ತೊಳೆದು ಹಾಕಿದಾಗ ಆದ ಬದಲಾವಣೆ ನನ್ನ ಊಹೆಗೂ ಮೀರಿತ್ತು. ಹಾಡುವವರು ಉಸಿರೆಳೆದುಕೊಳ್ಳುವುದು ಕೇಳಿತು. ಹಿಂದೆ ಒಂದು ವಾದ್ಯ ಇದೆ ಅಂತಲೇ ಗೊತ್ತಿರದ ಕಡೆ ವಾದ್ಯ ಕೇಳಿತು. ಬೇಗ ಬೇಗ ಚಟಪಟ ಅನ್ನುವುದೆಲ್ಲ ಕಡಿಮೆಯಾಗಿ, ಅಲ್ಲೊಂದು ಇಲ್ಲೊಂದು 'ಟಿಕ್' ಉಳಿಯಿತು. ಅದು ಧೂಳೋ ಗೀರೋ ಅಂತ ತಿಳಿಯಲು ಗಡಿಯಾರ ಸಾಕು. 33⅓ರ ರೆಕಾರ್ಡು ಒಂದು ಸುತ್ತು ಬರಲು 1.8 ಸೆಕೆಂಡು. ಲಯ ತಪ್ಪದೆ ಅಷ್ಟಷ್ಟು ಹೊತ್ತಿಗೆ 'ಟಿಕ್' ಬಂದರೆ ಗೆರೆಗಳನ್ನು ಅಡ್ಡ ದಾಟಿದ ಗೀರು. ಅದನ್ನು ಯಾವ ಸೋಪೂ ತೆಗೆಯುವುದಿಲ್ಲ. ಲಯವಿಲ್ಲದೆ ಬಂದರೆ ಧೂಳು, ಅಥವಾ ಒಣ ಹವೆಯಲ್ಲಿ ವಿನೈಲ್ (ಎಲ್‌ಪಿಯ ಪ್ಲಾಸ್ಟಿಕ್ಕು) ಮೇಲೆ ಕೂಡುವ ಸ್ಥಿರ ವಿದ್ಯುತ್ತು. ಅದಕ್ಕೆ ಕಾರ್ಬನ್ ನೂಲಿನ ಬ್ರಶ್ಶು ಇದೆ. ಶ್ರುತಿಯೇ ಸುತ್ತಿಗೊಮ್ಮೆ ತೂಗುತ್ತಿದ್ದರೆ ನಡುವಿನ ತೂತು ಸರಿಯಾಗಿ ನಡುವೆ ಇಲ್ಲ ಅಂತ. ಅದು ಅಚ್ಚಿನ ತಪ್ಪು, ಪ್ಲೇಯರನ್ನು ಬೈಯಬೇಡಿ.

ಎಲ್‌ಪಿಯ ಕೊನೆಯ ಹಾಡು ಯಾಕೆ ಯಾವಾಗಲೂ ಸ್ವಲ್ಪ ಒರಟು ಅಂತ ಮೊದಲಿಂದ ನನಗೆ ಕುತೂಹಲ ಇತ್ತು. ತಟ್ಟೆಯ ವೇಗ ಒಂದೇ ಇದ್ದರೂ, ಹೊರಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಅರ್ಧ ಮೀಟರಿನಷ್ಟು ಗೆರೆ ಸರಿಯುತ್ತದೆ. ಒಳಗೆ ಬಂದ ಹಾಗೆ ಅದು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಅಷ್ಟೇ ಹಾಡನ್ನು ಇಕ್ಕಟ್ಟಿನಲ್ಲಿ ಕೊರೆದಿರುವುದರಿಂದ ತೀಕ್ಷ್ಣ ಸ್ವರಗಳು ಒಡೆದಂತೆ ಕೇಳುತ್ತವೆ. ಕಾರ್ಟ್ರಿಜ್ ಕೋನ ತಪ್ಪಿದ್ದರೆ ಇನ್ನೂ ಜಾಸ್ತಿ. ಅದನ್ನು ಸರಿಮಾಡಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಹಾಗಾದರೆ ಕರಕರ ಬಿಟ್ಟು ನನಗೆ ಹಳೆಯದರಲ್ಲಿ ಏನು ಇಷ್ಟ? ಅದರ ಮಿತಿ. 10 ಇಂಚಿನ 78ರಲ್ಲಿ ಒಂದು ಮಗ್ಗುಲಿಗೆ ಮೂರು ನಿಮಿಷದಷ್ಟೇ ಜಾಗ. ಹಾಡುವವರು ಆ ಮೂರು ನಿಮಿಷಕ್ಕೆ ಎಲ್ಲವನ್ನೂ ಅಡಕ ಮಾಡಬೇಕಿತ್ತು. ಸುಮ್ನೆ ಎಳೆಯಲು ಜಾಗವೇ ಇಲ್ಲ. 1948ರಲ್ಲಿ ಕೊಲಂಬಿಯಾ ಎಲ್‌ಪಿ ತಂದ ಮೇಲೆ ಒಂದು ಮಗ್ಗುಲಿಗೆ 20 ನಿಮಿಷಕ್ಕೂ ಹೆಚ್ಚು ಸಿಕ್ಕಿತು. ಮರುವರ್ಷ ಆರ್‌ಸಿಎ ವಿಕ್ಟರ್ ದೊಡ್ಡ ತೂತಿನ 45 ತಂದಿತು. ಯಾವುದೇ ಆದರೂ, ಮುಗಿದಾಗ ಎದ್ದು ಹೋಗಿ ಮಗುಚಿ ಹಾಕಬೇಕು. ನಡುವೆ ಹಾಡು ದಾಟಿಸುವುದು ಕಷ್ಟ, ಆದ್ದರಿಂದ ಇಷ್ಟವಿಲ್ಲದ ಹಾಡನ್ನೂ ಕೇಳುತ್ತೇವೆ. ಹಾಗೆ ಕೇಳಿ ಕೇಳಿ ಇಷ್ಟವಾದ ಹಾಡುಗಳು ನನಗೆ ಜಾಸ್ತಿ.

ಈಗ ಪ್ಲೇಯರು ಮೇಜಿನ ಮೇಲೇ ಇರುತ್ತದೆ. ಬಳಸದಾಗ ಐಡ್ಲರ್ ಚಕ್ರ ಯಾವುದಕ್ಕೂ ತಾಗದ ಹಾಗೆ ವೇಗದ ಕಡ್ಡಿಯನ್ನು ಎರಡು ಗುರುತುಗಳ ನಡುವೆ ಬಿಡುತ್ತೇನೆ. ರೆಕಾರ್ಡುಗಳು ನೆಟ್ಟಗೆ ನಿಂತಿವೆ, ಒಂದರ ಮೇಲೊಂದು ಪೇರಿಸಿಲ್ಲ. 78, 45, 33 ಮೂರೂ ಗುರುತುಗಳು ಬಳಕೆಯಾಗಿವೆ. 16ರದ್ದು ಮಾತ್ರ ಬಾಕಿ. ಆ ವೇಗದಲ್ಲಿ ಹೆಚ್ಚಾಗಿ ಬಂದದ್ದು ಓದು, ಭಾಷಣದಂಥ ಮಾತಿನ ರೆಕಾರ್ಡುಗಳು. ಒಂದಾದರೂ ಸಿಕ್ಕರೆ ಹಾಕಿ ನೋಡಬೇಕು.